ಹೊಸ ಮೀನುತೊಟ್ಟಿಯ ನೀರು ಮಬ್ಬಾದಾಗ: ಚೆಲ್ಲುವ ಮುನ್ನ ನೋಡಬೇಕಾದದ್ದು

ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ. ಬೆಂಗಳೂರಿನ ಬಾಡಿಗೆ ಮನೆಗೆ ಅದನ್ನು ತಂದ ದಿನ ನೀರು ಕನ್ನಡಿಯಂತಿತ್ತು. ಮೂರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಅಕ್ಕಚ್ಚು ತುಂಬಿಸಿಟ್ಟ ಹಾಗೆ ಬಿಳಿ. ನೀರನ್ನೆಲ್ಲ ಚೆಲ್ಲಿ, ಕಲ್ಲು, ಗಿಡ, ಫಿಲ್ಟರ್ ಎಲ್ಲವನ್ನೂ ನಲ್ಲಿಯ ಕೆಳಗೆ ಉಜ್ಜಿ ತೊಳೆದು ಹೊಸ ನೀರು ತುಂಬಿದೆ. ಎರಡು ದಿನಕ್ಕೆ ಮತ್ತೆ ಬಿಳಿ. ಮತ್ತೆ ಚೆಲ್ಲಿದೆ. ಹತ್ತು ದಿನಗಳಲ್ಲಿ ಮೂರು ಸಲ ಹೀಗೆ ಮಾಡಿದೆ. ನಾಲ್ಕು ಗೋಲ್ಡ್‌ಫಿಶ್‌ಗಳಲ್ಲಿ ಮೂರು ಸತ್ತವು. ಅವನ್ನು ಕಾಪಾಡಬೇಕಿದ್ದ ಬ್ಯಾಕ್ಟೀರಿಯಾಗಳನ್ನೇ ನಾನು ಪ್ರತಿ ಸಲವೂ ತೊಳೆದು ಮೋರಿಗೆ ಬಿಡುತ್ತಿದ್ದೆ ಎಂಬುದು ಆಮೇಲೆ ತಿಳಿಯಿತು. ಆ ತಪ್ಪು ಇನ್ನೊಂದು ಮನೆಯಲ್ಲಿ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮಬ್ಬು ಎಂಬುದು ಒಂದೇ ದೋಷವಲ್ಲ. ಅದರ ಬಣ್ಣ ಯಾವುದು, ನೀರು ತುಂಬಿದ ಎಷ್ಟನೆಯ ದಿನ ಬಂತು, ಮೀನು ಹೇಗೆ ಉಸಿರಾಡುತ್ತಿದೆ ಎಂಬ ಮೂರು ಸಂಗತಿಗಳನ್ನು ಗಮನಿಸಿದರೆ ಕಾರಣ ಬಹುಮಟ್ಟಿಗೆ ಸಿಕ್ಕಿಬಿಡುತ್ತದೆ. ಕಾರಣ ಸಿಗುವವರೆಗೆ ತೊಟ್ಟಿಯನ್ನು ಖಾಲಿ ಮಾಡಬೇಡಿ.

ಮೊದಲು ಮೀನು, ಆಮೇಲೆ ನೀರು

ತೊಟ್ಟಿಯ ಮುಂದೆ ಎರಡು ನಿಮಿಷ ಸುಮ್ಮನೆ ಕುಳಿತು ನೋಡಿ. ಮೀನುಗಳು ಎಂದಿನಂತೆ ಓಡಾಡುತ್ತ, ನೀವು ಹತ್ತಿರ ಬಂದಾಗ ಮುಂದೆ ಬರುತ್ತಿದ್ದರೆ ನಿಮಗೆ ಸಮಯವಿದೆ; ನಿಧಾನವಾಗಿ ಪರೀಕ್ಷಿಸಬಹುದು.

ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ, ಕಿವಿರು ಕೆಂಪಾಗಿ ವೇಗವಾಗಿ ಬಡಿಯುತ್ತಿದ್ದರೆ, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ತಳದಲ್ಲಿ ಬಿದ್ದಿದ್ದರೆ ಅದು ತುರ್ತು. ಮುಂದಿನ ತಪಾಸಣೆಗಳನ್ನು ಬದಿಗಿಟ್ಟು ಮೂರು ಕೆಲಸ ಮಾಡಿ. ಏರ್ ಪಂಪನ್ನು ಪೂರ್ತಿ ವೇಗದಲ್ಲಿ ಬಿಡಿ. ಕ್ಲೋರಿನ್ ತೆಗೆದ (ತೆಗೆಯುವ ಬಗೆ ಮುಂದೆ ಇದೆ), ತೊಟ್ಟಿಯಷ್ಟೇ ಬೆಚ್ಚಗಿರುವ ನೀರಿನಿಂದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಬದಲಿಸಿ. ಎರಡು ದಿನ ಆಹಾರ ಹಾಕಬೇಡಿ. ಬೆಳೆದ ಮೀನು ಹಲವು ದಿನ ಆಹಾರವಿಲ್ಲದೆ ಇರಬಲ್ಲದು. ಆಮ್ಲಜನಕವಿಲ್ಲದೆ ಕೆಲವು ಗಂಟೆಯೂ ಇರಲಾರದು. ನಮ್ಮ ಬೇಸಿಗೆಯಲ್ಲಿ ಇದು ಇನ್ನೂ ಮುಖ್ಯ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ ಮಾತ್ರ.

ಕೈ ಹಾಕುವ ಮುನ್ನ

ಫಿಲ್ಟರ್, ಹೀಟರ್, ದೀಪ ಎಲ್ಲದರ ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಿ. ಸ್ವಿಚ್ ಆರಿಸಿದರೆ ಸಾಲದು. ಹಳೆಯ ಮನೆಗಳ ವೈರಿಂಗ್‌ನಲ್ಲಿ ಸ್ವಿಚ್ ಕೆಲವೊಮ್ಮೆ ನ್ಯೂಟ್ರಲ್ ತಂತಿಯ ಮೇಲಿರುತ್ತದೆ. ವೈರು ತೊಟ್ಟಿಯಿಂದ ನೇರವಾಗಿ ಪ್ಲಗ್‌ಗೆ ಹೋಗದೆ, ನಡುವೆ ಪ್ಲಗ್‌ಗಿಂತ ಕೆಳಕ್ಕೆ ಜೋತುಬಿದ್ದು ಮೇಲೇರುವಂತಿರಲಿ. ವೈರಿನ ಮೇಲೆ ಜಾರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಹೀಟರನ್ನು ಬಿಸಿ ಇರುವಾಗ ನೀರಿನಿಂದ ಹೊರಗೆ ತೆಗೆಯಬೇಡಿ, ಗಾಜು ಒಡೆಯುತ್ತದೆ. ಕೈಯಲ್ಲಿ ಗಾಯವಿದ್ದರೆ ಉದ್ದನೆಯ ಕೈಗವಸು ಹಾಕಿಕೊಳ್ಳಿ. ನೀರು ಹೊರಹರಿಸುವ ಸೈಫನ್ ಪೈಪನ್ನು ಬಾಯಿಯಿಂದ ಎಳೆಯಬೇಡಿ. ಪೈಪಿನಲ್ಲಿ ಪೂರ್ತಿ ನೀರು ತುಂಬಿ ಎರಡೂ ತುದಿಯನ್ನು ಬೆರಳಿನಿಂದ ಮುಚ್ಚಿ, ಒಂದನ್ನು ತೊಟ್ಟಿಯೊಳಗೆ, ಇನ್ನೊಂದನ್ನು ಕೆಳಗಿನ ಬಕೆಟ್ಟಿಗೆ ಇಳಿಸಿ ಬೆರಳು ತೆಗೆದರೆ ತಾನಾಗಿ ಹರಿಯುತ್ತದೆ.

ಹಣ ಬೇಡದ ತಪಾಸಣೆ: ಗಾಜು, ಗುಳ್ಳೆ, ಲೋಟ

ಮಬ್ಬು ನೀರಿನಲ್ಲೇ ಇದೆಯೇ? ಒಣ ಬಟ್ಟೆಯಿಂದ ಹೊರಗಾಜನ್ನೂ, ಸೋಪು ಮುಟ್ಟದ ಹೊಸ ಸ್ಪಂಜಿನಿಂದ ಒಳಗಾಜನ್ನೂ ಒರೆಸಿ ನೋಡಿ. ಒರೆಸಿದ ಜಾಗ ಮಾತ್ರ ತಿಳಿಯಾದರೆ ಕೆಲಸ ಅಲ್ಲಿಗೇ ಮುಗಿಯಿತು.

ಫಿಲ್ಟರನ್ನೂ ಏರ್ ಪಂಪನ್ನೂ ಹತ್ತು ನಿಮಿಷ ನಿಲ್ಲಿಸಿ. ಮಬ್ಬು ಮೇಲಕ್ಕೇರಿ ಮಾಯವಾದರೆ ಅದು ಸಣ್ಣ ಗಾಳಿಗುಳ್ಳೆಗಳ ಮೋಡ. ನೀರಿನ ಮಟ್ಟ ಇಳಿದು ಫಿಲ್ಟರ್ ಗಾಳಿ ಎಳೆಯುತ್ತಿರಬಹುದು. ನೀರು ಮೇಲಕ್ಕೆ ತುಂಬಿ. ಪಂಪನ್ನು ಮತ್ತೆ ಹಾಕಲು ಮರೆಯಬೇಡಿ.

ಇನ್ನು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಲೋಟದ ಪರೀಕ್ಷೆ. ಪಾರದರ್ಶಕವಾದ ಗಾಜಿನ ಲೋಟದಲ್ಲಿ ತೊಟ್ಟಿಯ ನೀರು ತುಂಬಿ, ಬಿಳಿ ಹಾಳೆಯ ಮುಂದೆ ಒಂದು ದಿನ ಅಲುಗಿಸದೆ ಇಡಿ. ತಳದಲ್ಲಿ ಗಸಿ ಕುಳಿತು ಮೇಲಿನ ನೀರು ತಿಳಿಯಾದರೆ ಅದು ಧೂಳು ಅಥವಾ ಸುಣ್ಣ. ಏನೂ ಕೆಳಗಿಳಿಯದೆ ಇಡೀ ಲೋಟ ಸಮನಾಗಿ ಮಂಜಾಗಿಯೇ ಉಳಿದರೆ ಅದು ಜೀವಂತ ಮಬ್ಬು: ಬಿಳಿಯಿದ್ದರೆ ಬ್ಯಾಕ್ಟೀರಿಯಾ, ಹಸಿರಿದ್ದರೆ ಪಾಚಿ. ಕಾಯುವ ತಾಳ್ಮೆ ಇಲ್ಲದವರು ರಾತ್ರಿ ಕೋಣೆಯ ದೀಪ ಆರಿಸಿ ತೊಟ್ಟಿಯ ಪಕ್ಕದಿಂದ ಮೊಬೈಲ್ ಟಾರ್ಚ್ ಹಾಯಿಸಿ. ಬಿಡಿಬಿಡಿ ಕಣಗಳು ಮಿನುಗಿದರೆ ಧೂಳು. ಬೆಳಕಿನ ಕೋಲು ಊದುಬತ್ತಿಯ ಹೊಗೆಯಲ್ಲಿ ಹಾಯ್ದಂತೆ ಕಂಡರೆ ಬ್ಯಾಕ್ಟೀರಿಯಾ.

ನೀರು ತುಂಬಿದ ಕೂಡಲೇ ಬಗ್ಗಡ

ಮೊದಲ ಕೆಲವು ಗಂಟೆಗಳಲ್ಲೇ ನೀರು ಬೂದು ಅಥವಾ ಮಣ್ಣುಬಣ್ಣಕ್ಕೆ ತಿರುಗಿದ್ದರೆ ಅನುಮಾನವೇ ಬೇಡ, ತಳಕ್ಕೆ ಹಾಕಿದ ಕಲ್ಲು ಅಥವಾ ಮರಳನ್ನು ಸಾಕಷ್ಟು ತೊಳೆದಿಲ್ಲ. ಒಂದೆರಡು ದಿನಗಳಲ್ಲಿ ಅರ್ಧಕ್ಕರ್ಧ ತಾನೇ ಕೂರುತ್ತದೆ. ಉಳಿದದ್ದಕ್ಕೆ ಫಿಲ್ಟರಿನಲ್ಲಿ ಸ್ವಲ್ಪ ಫಿಲ್ಟರ್ ಹತ್ತಿ ಇಟ್ಟು, ಅದು ಕೊಳೆಯಾದಾಗಲೆಲ್ಲ ಬದಲಿಸಿ. ನೀರು ಸುರಿಯುವಾಗ ತಳದಲ್ಲಿ ಒಂದು ತಟ್ಟೆ ಇಟ್ಟು ಅದರ ಮೇಲೆ ಸಣ್ಣಗೆ ಬಿಡಿ. ಒಮ್ಮೆಗೇ ಬಕೆಟ್ ಬಗ್ಗಿಸಿದರೆ ಕೂತ ಧೂಳು ಮತ್ತೆ ಏಳುತ್ತದೆ.

ಮೂರು ದಿನವಾದರೂ ಬಗ್ಗಡ ಇಳಿಯದಿದ್ದರೆ ಮರಳು ಯಾವುದೆಂದು ವಿಚಾರಿಸಿ. ಮನೆ ಕಟ್ಟುವ ಕಡೆಯಿಂದ ತಂದ ಎಂ-ಸ್ಯಾಂಡ್ ಆಗಿದ್ದರೆ ಅದರಲ್ಲಿ ಕ್ರಷರಿನ ಕಲ್ಲುಪುಡಿ ಬೆರೆತಿರುತ್ತದೆ. ಮೀನು ತಳ ಕೆದಕಿದಾಗಲೆಲ್ಲ ಮೇಲೇಳುತ್ತದೆ. ಅದನ್ನು ತೆಗೆದು ಬೇರೆ ಹಾಕುವುದೇ ಸರಿ. ಮೀನು ಬಿಡುವ ಮೊದಲಾದರೆ ಇದು ಅರ್ಧ ದಿನದ ಕೆಲಸ. ಹೊಸ ಮರಳನ್ನು ಬಕೆಟ್ಟಿನಲ್ಲಿ ಸ್ವಲ್ಪಸ್ವಲ್ಪವೇ ಹಾಕಿ, ಅಕ್ಕಿ ತೊಳೆಯುವ ಹಾಗೆ ಕೈಯಾಡಿಸಿ, ಬಸಿದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಸೋಪು, ಡಿಟರ್ಜೆಂಟ್ ಮುಟ್ಟಿಸಬೇಡಿ. ಗಿಡಗಳಿಗೆಂದು ಮಾರುವ ಅಕ್ವಾ ಸಾಯಿಲ್ ಮಾತ್ರ ಇದಕ್ಕೆ ಹೊರತು: ಅದನ್ನು ತೊಳೆದರೆ ಗುಳಿಗೆಗಳು ಕರಗಿ ಕೆಸರಾಗುತ್ತವೆ.

ಇಲ್ಲಿ ಪಟಿಕದ ಮಾತು ಹೇಳಲೇಬೇಕು. ನಮ್ಮ ಹಿರಿಯರು ಹೊಳೆಯ ನೀರಿಗೆ ಪಟಿಕ ಆಡಿಸಿ, ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯ್ದು ನೀರು ತಿಳಿ ಮಾಡುತ್ತಿದ್ದರು. ಕುಡಿಯುವ ನೀರಿಗೆ ಅದು ಒಳ್ಳೆಯ ತಿಳಿವಳಿಕೆ. ಮೀನಿರುವ ತೊಟ್ಟಿಗೆ ಪಟಿಕ ಹಾಕಿದರೆ ಅದು ನೀರಿನ ಕ್ಷಾರಗುಣವನ್ನು ತಿಂದು ಪಿಎಚ್ (ಆಮ್ಲ-ಕ್ಷಾರದ ಅಳತೆ) ಇಳಿಸುತ್ತದೆ, ಅಲ್ಯೂಮಿನಿಯಂ ಕಿವಿರಿಗೆ ತಗಲುತ್ತದೆ. ಬೇಡ.

ಎರಡನೆಯ ದಿನದಿಂದ ಮೊದಲ ವಾರದೊಳಗೆ ಅಕ್ಕಚ್ಚಿನ ಬಿಳಿ

ಹೊಸದಾಗಿ ಸಾಕುವವರು ಹೆಚ್ಚು ಹೆದರುವುದು ಇದಕ್ಕೇ. ತಿಳಿಯಾಗಿದ್ದ ನೀರು ರಾತ್ರಿ ಕಳೆಯುವುದರೊಳಗೆ ಹಾಲು ಬೆರೆಸಿದಂತಾಗುತ್ತದೆ. ಲೋಟದಲ್ಲಿ ಗಸಿ ಕೂರುವುದಿಲ್ಲ.

ಒಳಗೆ ಆಗುತ್ತಿರುವುದು ಇಷ್ಟು. ಉಳಿದ ಆಹಾರ, ಮೀನಿನ ಮಲ, ಕೊಳೆಯುವ ಎಲೆ ಇವನ್ನು ತಿನ್ನುವ ಬ್ಯಾಕ್ಟೀರಿಯಾಗಳು ಒಂದು ಗಂಟೆಯೊಳಗೇ ಇಮ್ಮಡಿಯಾಗಬಲ್ಲವು. ಹೊಸ ತೊಟ್ಟಿಯಲ್ಲಿ ಅವುಗಳಿಗೆ ಪೈಪೋಟಿಯೇ ಇಲ್ಲ. ಕೋಟಿಗಟ್ಟಲೆ ಹುಟ್ಟಿ ನೀರಿನಲ್ಲೇ ತೇಲುತ್ತವೆ. ಬಿಳಿ ಕಾಣುವುದು ಅವೇ. ನಮಗೆ ಬೇಕಾದ ಇನ್ನೊಂದು ಬಳಗವಿದೆ: ಮೀನಿನಿಂದ ಬಂದು ಮೀನಿಗೇ ವಿಷವಾಗುವ ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು. ಅವು ತೇಲುವುದಿಲ್ಲ, ಫಿಲ್ಟರಿನ ಸ್ಪಂಜು, ಕಲ್ಲು, ಗಾಜಿಗೆ ಅಂಟಿ ಬದುಕುತ್ತವೆ. ಇಮ್ಮಡಿಯಾಗಲು ಹಲವು ಗಂಟೆಗಳಿಂದ ಒಂದು ದಿನದವರೆಗೆ ಬೇಕು. ಆದ್ದರಿಂದಲೇ ತೊಟ್ಟಿ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹಾಲು ಹೆಪ್ಪುಗಟ್ಟುವಾಗ ಪಾತ್ರೆಯನ್ನು ಅಲುಗಿಸುವುದಿಲ್ಲವಲ್ಲ, ಹಾಗೆಯೇ ಇದು.

ಪೂರ್ತಿ ನೀರು ಚೆಲ್ಲಿದರೆ ತೇಲುವ ಬಳಗ ಎರಡು ದಿನದಲ್ಲಿ ಮರಳಿ ಬರುತ್ತದೆ. ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಹಿಂಡಿದರೆ ಅಂಟಿ ಬದುಕುವ ಬಳಗ ಮೊದಲಿನಿಂದ ಶುರು ಮಾಡಬೇಕು. ನನ್ನ ತೊಟ್ಟಿಯಲ್ಲಿ ನಡೆದದ್ದು ಇದೇ.

ಏನು ಮಾಡಬೇಕು? ತೊಟ್ಟಿಯಲ್ಲಿ ಮೀನಿಲ್ಲದಿದ್ದರೆ ಏನೂ ಬೇಡ. ಫಿಲ್ಟರ್ ಓಡಲಿ, ಏರ್ ಪಂಪ್ ಓಡಲಿ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಎರಡು ವಾರದಲ್ಲಿ ತಾನೇ ತಿಳಿಯಾಗುತ್ತದೆ.

ಮೀನಿದ್ದರೆ ಆಹಾರದಿಂದ ಶುರು ಮಾಡಿ. ಒಂದು ದಿನ ಬಿಟ್ಟು ಒಂದು ದಿನ, ಎರಡು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ ಹಾಕಿ. ಮಕ್ಕಳಿರುವ ಮನೆಯಲ್ಲಿ ಡಬ್ಬಿಯನ್ನು ಎತ್ತರದಲ್ಲಿಡಿ. ಅಮ್ಮ ಒಮ್ಮೆ, ಮಗಳು ಒಮ್ಮೆ, ಅಜ್ಜ ಒಮ್ಮೆ ಪ್ರೀತಿಯಿಂದ ಹಾಕಿದ ಕಾಳುಗಳೇ ಎಷ್ಟೋ ಮಬ್ಬುಗಳಿಗೆ ಮೂಲ. ಮೂಲೆಯಲ್ಲಿ, ಅಲಂಕಾರದ ಗೊಂಬೆಯ ಹಿಂದೆ ಸತ್ತ ಮೀನು ಅಥವಾ ಬಸವನಹುಳು ಇದೆಯೇ ನೋಡಿ. ಒಂದೇ ಒಂದು ಸಾಕು ನೀರು ಕೆಡಲು. ಕೊಳೆತ ಎಲೆಗಳನ್ನು ಕತ್ತರಿಸಿ ತೆಗೆಯಿರಿ.

ಆಮೇಲೆ ಪರೀಕ್ಷಾ ಕಿಟ್. ಎರಡು ಮೀನು ಕಡಿಮೆ ಕೊಂಡರೂ ಸರಿ, ಅಮೋನಿಯಾ ಮತ್ತು ನೈಟ್ರೈಟ್ ಅಳೆಯುವ ಕಿಟ್ ಕೊಳ್ಳಿ. ಮನೆಯ ಆರ್‌ಒಗೆಂದು ಬಳಸುವ ಟಿಡಿಎಸ್ ಪೆನ್ನು ಇದಕ್ಕೆ ಬದಲಿಯಲ್ಲ. ಅದು ನೀರಿನಲ್ಲಿ ಕರಗಿದ್ದೆಲ್ಲವನ್ನೂ ಒಟ್ಟಾಗಿ ಅಳೆಯುತ್ತದೆ, ಅಮೋನಿಯಾವನ್ನು ಬೇರೆಯಾಗಿ ತೋರಿಸುವುದಿಲ್ಲ. ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇದ್ದರೆ ಮಬ್ಬು ಕಣ್ಣಿಗೆ ಮಾತ್ರ ತೊಂದರೆ. ಯಾವುದಾದರೂ 0.25 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ತೋರಿಸಿದರೆ ದಿನಕ್ಕೆ ನಾಲ್ಕನೆಯ ಒಂದು ಭಾಗ, 0.5 ದಾಟಿದರೆ ಅರ್ಧದಷ್ಟು ನೀರು ಬದಲಿಸಿ. ನೀರು ಮಾತ್ರ, ಸ್ಪಂಜನ್ನು ಮುಟ್ಟಬೇಡಿ. ಪಿಎಚ್ ಕೂಡ ಅಳೆಯಿರಿ: ಅದು 7 ರಿಂದ 8 ಕ್ಕೆ ಏರಿದರೆ ಅದೇ ಅಮೋನಿಯಾದಲ್ಲಿ ವಿಷಕಾರಿಯಾದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಬೋರ್‌ವೆಲ್ ನೀರು ಬಳಸುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಬದಲಿಸುವ ನೀರು ನಗರದ ನಲ್ಲಿಯದಾದರೆ ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಿ, ಇಲ್ಲವೇ ಅಂಗಡಿಯ ಆ್ಯಂಟಿ-ಕ್ಲೋರಿನ್ ಹನಿಗಳನ್ನು ಬಳಸಿ. ಅಪಾರ್ಟ್‌ಮೆಂಟಿನಲ್ಲಿ ಸಂಪು ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ವಾರ ನೀರು ಬದಲಿಸುವುದನ್ನು ಮುಂದೂಡಿ. ಅನಿವಾರ್ಯವಾದರೆ ಹನಿಗಳನ್ನು ಬಿಡಬೇಡಿ.

ನಾನು ಮೀನು ಕೊಂಡ ಅಂಗಡಿಯಲ್ಲಿ ಮಬ್ಬಿಗೆಂದು ನೀಲಿ ಔಷಧಿ ಕೊಟ್ಟಿದ್ದರು. ಆ ನೀಲಿ ಸಾಮಾನ್ಯವಾಗಿ ಮೆಥಿಲೀನ್ ಬ್ಲೂ. ಶಿಲೀಂಧ್ರದ ಸೋಂಕಿಗೆ ಅದು ಉಪಯುಕ್ತ, ಆದರೆ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಕೊಡುತ್ತದೆ. ರೋಗವಿಲ್ಲದ ತೊಟ್ಟಿಗೆ ಅದನ್ನು ಸುರಿಯಬೇಡಿ. ಹಣ ಖರ್ಚು ಮಾಡುವ ಬದಲು, ಹಲವು ತಿಂಗಳಿಂದ ಚೆನ್ನಾಗಿ ನಡೆಯುತ್ತಿರುವ, ರೋಗವಿಲ್ಲದ ತೊಟ್ಟಿ ಇರುವ ಸ್ನೇಹಿತರಿಂದ ಬಳಸಿದ ಸ್ಪಂಜಿನ ತುಂಡನ್ನು ಅದೇ ನೀರಿನಲ್ಲಿ ಒದ್ದೆಯಾಗಿ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಮೊಸರಿಗೆ ಹೆಪ್ಪು ಹಾಕಿದಂತೆ, ವಾರಗಳ ಕೆಲಸ ದಿನಗಳಿಗೆ ಇಳಿಯುತ್ತದೆ.

ಬೋರ್‌ವೆಲ್ ನೀರು: ಬಿಳಿ ಪುಡಿ ಅಥವಾ ಕೆಂಚು ಬಣ್ಣ

ನಿಮ್ಮ ಗೀಸರಿನಲ್ಲಿ, ನೀರು ಕಾಯಿಸುವ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆಯೇ? ಹಾಗಿದ್ದರೆ ನೀರು ಗಡಸು. ನೆಲದಾಳದ ನೀರಿನಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ತೊಟ್ಟಿಯಲ್ಲಿ ಗಾಳಿಗೆ ಹಾರಿಹೋದಾಗ ಪಿಎಚ್ ಏರಿ, ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಪುಡಿಯಾಗಿ ಹೊರಬೀಳುತ್ತದೆ. ಲೋಟದ ತಳದಲ್ಲಿ ಕುಳಿತ ಗಸಿಗೆ, ಮೇಲಿನ ನೀರು ಬಗ್ಗಿಸಿ, ನಾಲ್ಕು ಹನಿ ವಿನೆಗರ್ ಹಾಕಿ. ಸಣ್ಣಗೆ ನೊರೆಯೆದ್ದು ಕರಗಿದರೆ ಸುಣ್ಣವೇ. ತೊಟ್ಟಿಯೊಳಗಿನ ಅಲಂಕಾರದ ಕಲ್ಲು, ಚಿಪ್ಪುಗಳಿಗೂ ಇದೇ ಪರೀಕ್ಷೆ ಮಾಡಿ: ಅಮೃತಶಿಲೆಯ ಚೂರು, ಹವಳ, ಕಪ್ಪೆಚಿಪ್ಪು ಇವು ಗಡಸುತನವನ್ನು ಇನ್ನಷ್ಟು ಏರಿಸುತ್ತವೆ, ತೆಗೆದಿಡಿ.

ಪರಿಹಾರ ಸರಳ. ಮುಂದೆ ತುಂಬುವ ನೀರನ್ನು ಮೊದಲು ಡ್ರಮ್ಮಿನಲ್ಲಿ ಏರ್ ಪಂಪ್ ಹಾಕಿ ಒಂದು ದಿನ ಬಿಡಿ. ಕೂರಬೇಕಾದದ್ದು ಅಲ್ಲಿಯೇ ಕೂರಲಿ. ಮೇಲಿನ ತಿಳಿಯನ್ನು ಮಾತ್ರ ಬಳಸಿ. ಮಳೆನೀರು ಅಥವಾ ಆರ್‌ಒ ನೀರನ್ನು ಅರ್ಧ ಬೆರೆಸಬಹುದು. ಬರೀ ಆರ್‌ಒ ನೀರು ಬೇಡ, ಅದರಲ್ಲಿ ಮೀನಿಗೆ ಬೇಕಾದ ಲವಣಗಳಿರುವುದಿಲ್ಲ. ಆರ್‌ಒ ಯಂತ್ರದಿಂದ ಹೊರಬೀಳುವ ತ್ಯಾಜ್ಯ ನೀರು ಇನ್ನೂ ಗಡಸು, ಅದಂತೂ ಬೇಡವೇ ಬೇಡ. ಬದಲಾವಣೆಯನ್ನು ಒಂದೇ ದಿನ ಮಾಡಬೇಡಿ. ಗಡಸು ನೀರಿಗೆ ಒಗ್ಗಿದ ಮೀನಿಗೆ ದಿಢೀರ್ ಮೆದು ನೀರು ಆಘಾತ.

ತುಂಬುವಾಗ ತಿಳಿಯಾಗಿದ್ದು ಕೆಲವು ಗಂಟೆಗಳಲ್ಲಿ ಕೆಂಚು ಕಂದು ಬಣ್ಣಕ್ಕೆ ತಿರುಗಿದರೆ ಅದು ಕಬ್ಬಿಣ. ಬಚ್ಚಲಿನ ಟೈಲ್ಸ್ ಮೇಲೆ ತುಕ್ಕಿನ ಗೆರೆಗಳಿದ್ದರೆ ಇನ್ನೇನೂ ಸಾಕ್ಷಿ ಬೇಡ. ಗಾಳಿ ತಗಲಿದಾಗ ಕರಗಿದ ಕಬ್ಬಿಣ ತುಕ್ಕಾಗಿ ಹೊರಬೀಳುತ್ತದೆ, ಕಿವಿರಿನ ಮೇಲೂ ಕೂರುತ್ತದೆ. ಈ ನೀರನ್ನು ನೇರವಾಗಿ ಮೀನಿನ ತೊಟ್ಟಿಗೆ ಬಿಡಬೇಡಿ. ಡ್ರಮ್ಮಿನಲ್ಲಿ ಎರಡು ದಿನ ಗಾಳಿಯಾಡಿಸಿ, ಮೇಲಿನ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ ಬಳಸಿ.

ಹಸಿರು

ಸಾಮಾನ್ಯವಾಗಿ ಕೆಲವು ವಾರಗಳಾದ ಮೇಲೆ ಬರುತ್ತದೆ. ನೀರಿನಲ್ಲಿ ತೇಲುವ ಏಕಕೋಶದ ಪಾಚಿ. ತೊಟ್ಟಿಗೆ ನೇರ ಬಿಸಿಲು ಬೀಳುತ್ತಿದೆಯೇ ನೋಡಿ. ಪಶ್ಚಿಮದ ಕಿಟಕಿಯ ಸಂಜೆ ಬಿಸಿಲನ್ನು ಎಷ್ಟೋ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪರದೆ ಹಾಕಿ, ದೀಪವನ್ನು ದಿನಕ್ಕೆ ಆರು ಗಂಟೆಗೆ ಇಳಿಸಿ, ವಾರಕ್ಕೆ ನಾಲ್ಕನೆಯ ಒಂದು ಭಾಗ ನೀರು ಬದಲಿಸಿ. ಇಷ್ಟಕ್ಕೂ ಬಗ್ಗದಿದ್ದರೆ ದೀಪ ಪೂರ್ತಿ ಆರಿಸಿ, ತೊಟ್ಟಿಗೆ ದಪ್ಪ ಬಟ್ಟೆ ಹೊದಿಸಿ ಮೂರು ದಿನ ಕತ್ತಲಲ್ಲಿಡಿ; ಏರ್ ಪಂಪ್ ಮಾತ್ರ ನಿಲ್ಲಬಾರದು, ಏಕೆಂದರೆ ಕತ್ತಲಲ್ಲಿ ಪಾಚಿಯೂ ಆಮ್ಲಜನಕವನ್ನೇ ಬಳಸುತ್ತದೆ. ನಾಲ್ಕನೆಯ ದಿನ ಸತ್ತ ಪಾಚಿ ಕೊಳೆಯುವ ಮೊದಲು ಅರ್ಧ ನೀರು ಬದಲಿಸಿ. ಕೊನೆಯ ಉಪಾಯ ಯುವಿ ದೀಪವಿರುವ ಫಿಲ್ಟರ್. ಕೆಲಸ ಖಚಿತ, ಬೆಲೆ ಹೆಚ್ಚು. ಉರಿಯುವ ಯುವಿ ದೀಪವನ್ನು ಬರಿಗಣ್ಣಿನಿಂದ ನೋಡಬಾರದು.

ಕಷಾಯದ ಬಣ್ಣ

ನೀರು ಪಾರದರ್ಶಕವಾಗಿಯೇ ಇದ್ದು ಹಳದಿ-ಕಂದು ಆಗಿದ್ದರೆ ಅದು ಮರದ ಬೇರಿನಿಂದ ಇಳಿದ ಒಗರು. ಹಾನಿಯಿಲ್ಲ. ಬೇಡವೆನಿಸಿದರೆ ಮರವನ್ನು ಕುದಿಸಿ, ವಾರ ನೆನೆಹಾಕಿ, ಫಿಲ್ಟರಿನಲ್ಲಿ ಆ್ಯಕ್ಟಿವೇಟೆಡ್ ಕಾರ್ಬನ್ ಇಡಿ. ಮರದ ಮೇಲಿನ ಬಿಳಿ ಲೋಳೆಯೂ ಕೆಲವು ವಾರಗಳಲ್ಲಿ ಹೋಗುತ್ತದೆ.

ತಿಳಿಯಾದದ್ದು ಮತ್ತೆ ಮತ್ತೆ ಮಬ್ಬಾಗುತ್ತಿದ್ದರೆ

ಮೊದಲ ತಿಂಗಳು ದಾಟಿಯೂ ಬಿಳಿ ಮರಳುತ್ತಿದ್ದರೆ ಮೀನು ಹೆಚ್ಚು, ಇಲ್ಲವೇ ಫಿಲ್ಟರ್ ಕಡಿಮೆ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ನೀರಿನ ಎತ್ತರ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಎರಡು ಅಡಿಯ ತೊಟ್ಟಿಯಲ್ಲಿ ಕಲ್ಲು ಕಳೆದು ಉಳಿಯುವುದು 45 ಲೀಟರಿನ ಆಸುಪಾಸು. ಬೆಳೆದರೆ ಅಂಗೈ ಮೀರುವ, ಬಹಳ ಮಲ ಹಾಕುವ ಗೋಲ್ಡ್‌ಫಿಶ್ ನಾಲ್ಕನ್ನು ಅಲ್ಲಿಡುವುದು ಅನ್ಯಾಯ. ಅದನ್ನು ತಿಳಿಯದೆ ಮಾಡಿದೆ, ಈಗಲೂ ನೆನೆದರೆ ಬೇಸರವಾಗುತ್ತದೆ.

ಕರೆಂಟು ಎಷ್ಟು ಹೊತ್ತು ಹೋಗುತ್ತದೆಂದೂ ನೋಡಿ. ಮುಚ್ಚಿದ ಡಬ್ಬಿಯಂತಹ ಕ್ಯಾನಿಸ್ಟರ್ ಫಿಲ್ಟರ್ ಹಲವು ಗಂಟೆ ನಿಂತರೆ ಒಳಗಿನ ಬ್ಯಾಕ್ಟೀರಿಯಾಗಳು ಉಸಿರುಗಟ್ಟಿ ಸಾಯುತ್ತವೆ. ಮತ್ತೆ ಓಡಿಸಿದಾಗ ಆ ಕೊಳೆತ ನೀರು ತೊಟ್ಟಿಗೆ ಬರುತ್ತದೆ. ದೀರ್ಘ ಕಾಲ ನಿಂತಿದ್ದರೆ ಒಳಗಿನ ನೀರು ಚೆಲ್ಲಿ, ಸ್ಪಂಜನ್ನು ತೊಟ್ಟಿಯ ನೀರಿನಲ್ಲಿ ಅದ್ದಿ ತೊಳೆದು ಮರುಜೋಡಿಸಿ. ಬ್ಯಾಟರಿಯಿಂದ ಓಡುವ ಸಣ್ಣ ಏರ್ ಪಂಪ್ ಮನೆಯಲ್ಲಿರಲಿ.

ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು

ಎರಡು ದಿನಗಳಲ್ಲಿ ಎರಡಕ್ಕಿಂತ ಹೆಚ್ಚು ಮೀನು ಸತ್ತರೆ, ಅರ್ಧ ನೀರು ಬದಲಿಸಿದ ಮೇಲೂ ಮೀನು ಮೇಲ್ಮೈಯಲ್ಲಿ ಏದುಸಿರು ಬಿಡುತ್ತಿದ್ದರೆ, ಮೈಮೇಲೆ ಬಿಳಿ ಚುಕ್ಕೆ, ಹತ್ತಿಯಂತಹ ಬೆಳವಣಿಗೆ, ಹುಣ್ಣು ಕಂಡರೆ, ನೀರಿನಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ನಿಮ್ಮ ಪ್ರಯೋಗಗಳನ್ನು ನಿಲ್ಲಿಸಿ. ಎರಡು ಔಷಧಿಗಳನ್ನು ಬೆರೆಸುವುದು ಬೇಡವೇ ಬೇಡ. ನೀರು ಮುಟ್ಟಿದಾಗ ಜುಮ್ಮೆನಿಸಿದರೆ ಮನೆಯ ಮುಖ್ಯ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಬರುವವರೆಗೆ ಯಾರನ್ನೂ ತೊಟ್ಟಿಯ ಹತ್ತಿರ ಬಿಡಬೇಡಿ.

ಸಾಕಲಾಗದೆ ಕೈಬಿಡುವ ಮನಸ್ಸಾದರೆ ಮೀನನ್ನು ಕೆರೆಗೆ ಬಿಡಬೇಡಿ. ಗಾಜು ಶುಚಿ ಮಾಡಲೆಂದು ಕೊಳ್ಳುವ ಸಕ್ಕರ್ ಮೀನು ಹೀಗೆಯೇ ನಮ್ಮ ಜಲಮೂಲಗಳಿಗೆ ಸೇರಿ ಸ್ಥಳೀಯ ಮೀನುಗಳ ಜಾಗ ಕಸಿದಿದೆ. ಅಂಗಡಿಗೆ ಮರಳಿಸಿ, ಇಲ್ಲವೇ ಸಾಕುವ ಮತ್ತೊಬ್ಬರಿಗೆ ಕೊಡಿ.

ಅನುಭವಿ ಸಾಕಣೆದಾರರನ್ನೋ ಮೀನಿನ ರೋಗ ಬಲ್ಲ ಪಶುವೈದ್ಯರನ್ನೋ ಕಾಣಲು ಹೋಗುವಾಗ ಶುದ್ಧ ಬಾಟಲಿಯಲ್ಲಿ ಅರ್ಧ ಲೀಟರ್ ತೊಟ್ಟಿಯ ನೀರು, ಇನ್ನೊಂದರಲ್ಲಿ ನೀವು ತುಂಬಲು ಬಳಸುವ ನೀರು ಒಯ್ಯಿರಿ. ತೊಟ್ಟಿಯ ಅಳತೆ, ನೀರು ತುಂಬಿದ ದಿನಾಂಕ, ಮೀನುಗಳ ಸಂಖ್ಯೆ, ಹಾಕಿದ ಔಷಧಿಗಳ ಹೆಸರು, ಕಿಟ್‌ನಲ್ಲಿ ಕಂಡ ಅಂಕಿಗಳು ಒಂದು ಚೀಟಿಯಲ್ಲಿರಲಿ. ಬಾಟಲಿಯ ನೀರನ್ನು ಆ ದಿನವೇ ತುಂಬಿ. ಹಿಂದಿನ ರಾತ್ರಿಯದು ದಾರಿಯಲ್ಲೇ ಬದಲಾಗಿರುತ್ತದೆ.